'ಸಕಲ'ವೆಂಬ ಮಾತಿನ ವ್ಯಾಪ್ತಿ

ಹುಮನಾಬಾದಿನ ಬಳಿಯ ಮಾಣಿಕನಗರವು ಮಾಣಿಕಪ್ರಭುಗಳ (1817–1865) ಸಮಾಧಿಕ್ಷೇತ್ರ. ಅವರು ಸ್ಥಾಪಿಸಿದ ಸಂಪ್ರದಾಯಕ್ಕೆ 'ಸಕಲಮತ'ವೆಂದು ಹೆಸರು. ಯಾವ ಮತವನ್ನೂ ಖಂಡಿಸದೆ ಎಲ್ಲವನ್ನೂ ಮನ್ನಿಸುವುದೇ ಅದರ ತಿರುಳು. ಹಿಂದೂಗಳೂ ಮುಸಲ್ಮಾನರೂ ಪ್ರಭುಗಳ ಭಕ್ತರಾಗಿದ್ದುದು ವಿದಿತವೇ ಇದೆ. ಇಲ್ಲಿ ನಾವು ವಿಚಾರಿಸಬಯಸುವ ಪ್ರಶ್ನೆ ಒಂದೇ: ಮತಗಳೆಲ್ಲ ಒಂದಾದ ಮಾತ್ರಕ್ಕೆ ಮನುಷ್ಯರೆಲ್ಲರೂ ಆ ಐಕ್ಯದೊಳಗೆ ಬಂದಂತಾಗುವುದೇ?

ಈ ಶಂಕೆಗೆ ಸಮೀಪಕಾಲದ ಪ್ರಸಂಗವೊಂದು ಕಾರಣ. ಸಲಿಂಗಪ್ರೇಮಿಗಳ ಖಾಸಗಿ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 377ನೆಯ ವಿಧಿಯನ್ನು ದೆಹಲಿಯ ಉಚ್ಚ ನ್ಯಾಯಾಲಯವು 2009ರಲ್ಲಿ ಸಡಿಲಿಸಿತು. ಆಗ ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ, ಕೆಲವು ಕ್ರೈಸ್ತ ಸಂಘಗಳು, ಹಿಂದೂ ಪರಂಪರೆಯ ಹೆಸರಿನಲ್ಲಿ ವಾದಿಸಿದವರು, ಎಲ್ಲರೂ ಸುಪ್ರೀಂ ಕೋರ್ಟಿನಲ್ಲಿ ಒಂದೇ ಪಕ್ಷವಾಗಿ ನಿಂತರು. 2013ರ ಡಿಸೆಂಬರ್ 11ರಂದು ಆ ವಿಧಿಯು ಮರಳಿ ಊರ್ಜಿತವಾಯಿತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಾಧೀಶರ ಪೀಠವು ವಯಸ್ಕರ ಸಮ್ಮತಿಯ ಸಂಬಂಧವನ್ನು ಅದರ ಹಿಡಿತದಿಂದ ಬಿಡಿಸಿತು. ಉಳಿದೆಡೆ ಒಬ್ಬರನ್ನೊಬ್ಬರು ಒಪ್ಪದ ಮುಖಂಡರು ಇದೊಂದರಲ್ಲಿ ಏಕಕಂಠರಾದರು. ಇದೂ ಒಂದು ಬಗೆಯ ಸಕಲಮತವೇ. ಆದರೆ ಕೂಡಿಸುವುದರಲ್ಲಲ್ಲ, ಹೊರಗಿಡುವುದರಲ್ಲಿ.

ಇಂತಹ ನಿಷೇಧವು ಸಮಾಜದ ಒಗ್ಗಟ್ಟನ್ನು ಕಾಯುತ್ತದೆಂದು ವಾದಿಸುವವರುಂಟು. ಇತಿಹಾಸವು ಇದಕ್ಕೆ ವ್ಯತಿರಿಕ್ತವಾಗಿದೆ. ಅಮೆರಿಕದ ಕಪ್ಪು ಜನರ ಹಕ್ಕಿನ ಹೋರಾಟದಲ್ಲಿ ಬೇಯಾರ್ಡ್ ರಸ್ಟಿನ್ ಎಂಬ ಸಲಿಂಗಪ್ರೇಮಿಯು ಮಾರ್ಟಿನ್ ಲೂಥರ್ ಕಿಂಗರ ಸಲಹೆಗಾರನಾಗಿದ್ದನು. 1960ರಲ್ಲಿ ಪಾದ್ರಿಯೂ ಶಾಸಕನೂ ಆಗಿದ್ದ ಆಡಂ ಕ್ಲೇಟನ್ ಪೊವೆಲ್, ಅವರಿಬ್ಬರ ಬಗೆಗೆ ಸುಳ್ಳು ಅಪವಾದವನ್ನು ಹಬ್ಬಿಸುವುದಾಗಿ ಬೆದರಿಸಿದನು. ರಸ್ಟಿನ್ ದೂರ ಸರಿಯಬೇಕಾಯಿತು. ಅದೇ ವ್ಯಕ್ತಿಯು 1963ರ ಆಗಸ್ಟ್ 28ರಂದು ಸುಮಾರು ಎರಡೂವರೆ ಲಕ್ಷ ಜನರ ವಾಷಿಂಗ್ಟನ್ ಜಾಥಾವನ್ನು ಸಂಘಟಿಸಿ ತೋರಿಸಿದನು. ಒಗ್ಗಟ್ಟನ್ನು ಮುರಿದವನು ಯಾರು, ಕಟ್ಟಿದವನು ಯಾರು ಎಂಬುದು ಸ್ಪಷ್ಟವಾಗಿದೆ.

ನಮ್ಮ ಕಲ್ಯಾಣದ ಕಥೆಯೂ ಇದನ್ನೇ ಹೇಳುತ್ತದೆ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ವಿವಾಹವನ್ನು ಸಂಪ್ರದಾಯನಿಷ್ಠರು ಸಹಿಸಲಿಲ್ಲವೆಂದೂ ಅದರಿಂದ ಶರಣಸಮೂಹವು ಚದುರಿತೆಂದೂ ಪ್ರತೀತಿ. ಅಲ್ಲಿನ ವಿಷಯ ಜಾತಿ, ಇಲ್ಲಿನದು ಲಿಂಗ. ನ್ಯಾಯ ಮಾತ್ರ ಒಂದೇ. ಊರನ್ನು ಒಡೆದುದು ವಧೂವರರಲ್ಲ, ಅವರನ್ನು ತಾಳಲಾರದವರು. ಜೇಡರ ದಾಸಿಮಯ್ಯನು ಗಂಡುಹೆಣ್ಣೆಂಬ ಭೇದವನ್ನು ದೇಹಕ್ಕೆ ಒಪ್ಪಿ ಆತ್ಮಕ್ಕೆ ನಿರಾಕರಿಸಿದ್ದಾನೆ. ಆ ವಚನವು ಸಲಿಂಗಪ್ರೇಮವನ್ನು ಕುರಿತುದೆಂದು ನಾವು ಹೇಳುವುದಿಲ್ಲ. ಅದನ್ನು ವೇದಿಕೆಯ ಮೇಲೆ ಉದ್ಧರಿಸುವವರು ಅದರ ಫಲಿತಾರ್ಥಕ್ಕೂ ಬದ್ಧರಾಗಬೇಕೆನ್ನುತ್ತೇವೆ.

ತೀರ್ಪು ಬಂದ 2013ರಲ್ಲಿಯೇ ವಸುಧೇಂದ್ರರ 'ಮೋಹನಸ್ವಾಮಿ' ಕಥಾಸಂಕಲನವು ಪ್ರಕಟವಾಯಿತು. ಅಲ್ಲಿ ಕಥಾನಾಯಕನು ತನ್ನ ಸಂಗಾತಿ ಕಾರ್ತಿಕನನ್ನು ಹೆಣ್ಣೊಬ್ಬಳೊಡನೆ ನಡೆಯುವ ಮದುವೆಗೆ ಬಿಟ್ಟುಕೊಡಬೇಕಾಗುತ್ತದೆ. ಅವನನ್ನು ನೋಯಿಸುವುದು ಪೋಲೀಸರಲ್ಲ. ಮನೆ, ಮದುವೆ, ನೆರೆಹೊರೆ. ಈ ಕೃತಿಯ ಮಹತ್ತ್ವವಿರುವುದು ಇಲ್ಲಿಯೇ. ಕಾನೂನು ಒಂದು ದಿನದಲ್ಲಿ ಬದಲಾದೀತು. ಗುರುಪೀಠದ ಮಾತು ಮನೆಯೊಳಗೆ ಬೇರೂರಿರುತ್ತದೆ. ಆದುದರಿಂದಲೇ ಪೀಠಸ್ಥರ ಹೊಣೆ ಶಾಸಕರ ಹೊಣೆಗಿಂತ ಹಿರಿದು.

ಮಾಣಿಕಪ್ರಭುಗಳು ಈ ವಿಷಯದಲ್ಲಿ ಇಂತಹ ಅಭಿಪ್ರಾಯವುಳ್ಳವರಾಗಿದ್ದರೆಂದು ಆರೋಪಿಸುವುದು ಅವಿಚಾರವಾದೀತು. ಆದರೆ 'ಸಕಲ'ವೆಂಬ ಪದಕ್ಕೆ ಅಪವಾದಗಳ ಪಟ್ಟಿಯನ್ನು ಜೋಡಿಸಿದ ಕ್ಷಣವೇ ಅದು 'ಕೆಲವು' ಎಂಬ ಅರ್ಥಕ್ಕೆ ಇಳಿಯುತ್ತದೆ. ನಮ್ಮ ತರಗತಿಗಳಲ್ಲಿ ಕುಳಿತು ತನ್ನನ್ನು ಮರೆಸಿಕೊಂಡಿರುವ ವಿದ್ಯಾರ್ಥಿಯೊಬ್ಬನಿರಬಹುದು. ನಾವು ಬೋಧಿಸುವ ಐಕ್ಯವು ಅವನಿಗೂ ಸಲ್ಲುವುದೇ ಎಂಬುದನ್ನು ಬೋಧಕರಾದವರು ಮೊದಲು ತಮ್ಮಲ್ಲೇ ಪರೀಕ್ಷಿಸಿಕೊಳ್ಳತಕ್ಕದ್ದು.