ಗ್ರೆಚ್ಚೊದ ಗೋದಲಿ, ಗ್ರೆಚ್ಚೊದ ಊಟದ ಮೇಜು

ಗ್ರೆಚ್ಚೊ ಎಂಬ ಹೆಸರನ್ನು ಕೇಳಿದೊಡನೆ ಫ್ರಾನ್ಸಿಸ್ಕನ್ ಮಠಗಳಲ್ಲಿ ಓದುತ್ತಿರುವ ಯಾವ ವಿದ್ಯಾರ್ಥಿ ಸಹೋದರನ ಮನಸ್ಸಿನಲ್ಲಾದರೂ ಮೊದಲು ಮೂಡುವುದು ಗೋದಲಿಯ ಚಿತ್ರ. 1223ರ ಕ್ರಿಸ್ತಜಯಂತಿಯ ಇರುಳು ಅಸ್ಸಿಸಿಯ ಸಂತ ಫ್ರಾನ್ಸಿಸರು ಇಟಲಿಯ ಆ ಬೆಟ್ಟದೂರಿನಲ್ಲಿ ಹುಲ್ಲು ತುಂಬಿದ ಮೇವುತೊಟ್ಟಿಯನ್ನಿರಿಸಿ, ಎತ್ತು ಕತ್ತೆಗಳನ್ನು ನಿಲ್ಲಿಸಿ, ಅದರ ಬಳಿಯಲ್ಲಿಯೇ ಬಲಿಪೂಜೆ ನಡೆಯುವಂತೆ ಮಾಡಿದ ಸಂಗತಿಯನ್ನು ನಾವೆಲ್ಲರೂ ಬಲ್ಲೆವು. 2023ರಲ್ಲಿ ಅದಕ್ಕೆ ಎಂಟುನೂರು ವರ್ಷ ತುಂಬಿತು. ಆದರೆ ಅದೇ ಗ್ರೆಚ್ಚೊದ ಆಶ್ರಮದಲ್ಲಿ ನಡೆದ ಇನ್ನೊಂದು ಹಬ್ಬದ ಪ್ರಸಂಗವೂ ಆದಿ ಚರಿತ್ರೆಗಳಲ್ಲಿ ಉಳಿದುಬಂದಿದೆ. ಅದನ್ನು ನಾವು ಅಭಿನಯಿಸುವುದಿಲ್ಲ. ಪ್ರವಚನಗಳಲ್ಲಿಯೂ ವಿರಳವಾಗಿ ನೆನೆಯುತ್ತೇವೆ. ಈ ಎರಡನೆಯ ಪ್ರಸಂಗವು ಮೂರು ಬರಹಗಳಲ್ಲಿ ಹೇಗೆ ಬದಲಾಗುತ್ತ ಹೋಯಿತೆಂಬುದನ್ನು ಪರಿಶೀಲಿಸುವುದು, ಆ ಬದಲಾವಣೆಯು ನಮ್ಮ ಸಮುದಾಯ ಜೀವನದ ಬಗೆಗೆ ಏನನ್ನು ತಿಳಿಸುತ್ತದೆಂದು ಕೇಳುವುದು ಈ ಲೇಖನದ ಉದ್ದೇಶ.

ಚೆಲಾನೊದ ಥಾಮಸನು ಸಂತರ ಎರಡನೆಯ ಚರಿತ್ರೆಯನ್ನು 1246–47ರ ಸುಮಾರಿಗೆ ಬರೆದನು. ಸಂತರ ಒಡನಾಡಿಗಳು ಬರೆದು ಕಳುಹಿಸಿದ ನೆನಪುಗಳು ಆಗ ಅವನ ಮುಂದಿದ್ದವು. ಅವನು ಹೇಳುವಂತೆ, ಒಂದು ಪಾಸ್ಖ ಹಬ್ಬದಂದು ಗ್ರೆಚ್ಚೊದ ಸಹೋದರರು ಎಂದಿಗಿಂತ ಹೆಚ್ಚು ಅಕ್ಕರೆಯಿಂದ ಮೇಜನ್ನು ಸಿದ್ಧಗೊಳಿಸಿದ್ದರು. ಬಿಳಿಯ ಬಟ್ಟೆ ಹಾಸಿತ್ತು, ಗಾಜಿನ ಪಾತ್ರೆಗಳಿದ್ದವು. ತಮ್ಮ ಕೋಣೆಯಿಂದ ಇಳಿದು ಬಂದ ಫ್ರಾನ್ಸಿಸರು ಅದನ್ನು ಕಂಡರು. ಮಾತಾಡದೆ ಹಿಂದಿರುಗಿ, ಅಲ್ಲಿದ್ದ ಬಡವನೊಬ್ಬನ ಟೋಪಿಯನ್ನು ಧರಿಸಿ, ಕೈಯಲ್ಲಿ ಕೋಲು ಹಿಡಿದು ಹೊರಗೆ ಹೋದರು. ಕರೆಗೆ ಅವರು ಬಾರದಿದ್ದರೆ ಕಾಯದೆ ಉಣ್ಣುವುದು ಅಲ್ಲಿನ ರೂಢಿಯಾಗಿತ್ತು. ಆದುದರಿಂದ ಸಹೋದರರು ಊಟಕ್ಕೆ ಕುಳಿತರು. ಆಗ ಬಾಗಿಲಲ್ಲಿ ಯಾತ್ರಿಕನೊಬ್ಬನು ಭಿಕ್ಷೆ ಬೇಡುವ ದನಿ ಕೇಳಿಸಿತು. ಅವರು ಒಳಗೆ ಕರೆದರು, ಬಟ್ಟಲೊಂದನ್ನು ಕೊಟ್ಟರು. ಆತನು ನೆಲದ ಮೇಲೆ ಒಬ್ಬನೇ ಕುಳಿತು, ಬಟ್ಟಲನ್ನು ಬೂದಿಯಲ್ಲಿಟ್ಟು ಉಣ್ಣತೊಡಗಿದನು. ತಮ್ಮ ತಂದೆಯೇ ಹೀಗೆ ಕುಳಿತಿರುವುದನ್ನು ಕಂಡು ಮೇಜಿನಲ್ಲಿದ್ದವರು ದಿಗ್ಭ್ರಾಂತರಾದರು. ಮನೆಮನೆಗೆ ಹೋಗಿ ಬೇಡುವವರ ಮೇಜು ಇದಲ್ಲವೆಂಬುದೇ ಅವರಿಗೆ ಸಂದ ಬುದ್ಧಿವಾದ.

ಒಡನಾಡಿಗಳ ನೆನಪುಗಳನ್ನು ಒಳಗೊಂಡ ‘ಅಸ್ಸಿಸಿ ಸಂಕಲನ’ದಲ್ಲಿ ಇದೇ ಪ್ರಸಂಗವು ಕ್ರಿಸ್ತಜಯಂತಿಯ ದಿನದಲ್ಲಿ ನಡೆಯುತ್ತದೆ. ಮೇಜು ಅಷ್ಟೊಂದು ಅಲಂಕೃತವಾದುದಕ್ಕೆ ಅಲ್ಲೊಂದು ಕಾರಣವೂ ಇದೆ: ಸಂಸ್ಥೆಯ ಅಧಿಕಾರಿಯೊಬ್ಬರು ಆಶ್ರಮಕ್ಕೆ ಭೇಟಿಯಿತ್ತಿದ್ದರು. ಹಬ್ಬದ ಗೌರವವೂ ಅತಿಥಿಯ ಗೌರವವೂ ಅಲ್ಲಿ ಒಂದರೊಳಗೊಂದು ಬೆರೆತುಹೋದವು. ಟೋಪಿ ಕೋಲುಗಳು ಯಾರವೆಂಬುದನ್ನು ಸಂಕಲನವು ಇನ್ನಷ್ಟು ಸ್ಪಷ್ಟವಾಗಿ ಹೇಳುತ್ತದೆ: ಅವು ಆ ದಿನವೇ ಅಲ್ಲಿಗೆ ಬಂದಿದ್ದ ಬಡವನೊಬ್ಬನವು. ಕೊನೆಯಲ್ಲಿ ಸಹೋದರರು ನಾಚಿಕೊಂಡರೆಂದೂ ಕೆಲವರು ಅತ್ತರೆಂದೂ ಅದು ತಿಳಿಸುತ್ತದೆ.

ಪಾಸ್ಖವೋ ಕ್ರಿಸ್ತಜಯಂತಿಯೋ ಎಂಬುದನ್ನು ಇಂದು ನಿರ್ಧರಿಸುವುದು ಕಷ್ಟ. ಆದರೆ ಚೆಲಾನೊದವನು ಪಾಸ್ಖವನ್ನು ಹೇಳುವುದರಲ್ಲಿ ಒಂದು ದೈವಶಾಸ್ತ್ರೀಯ ಸೂಕ್ಷ್ಮವಿದೆ. ಬಾಗಿಲಲ್ಲಿ ನಿಂತ ಫ್ರಾನ್ಸಿಸರನ್ನು ಅವನು ಎಮ್ಮಾವುವಿನ ದಾರಿಯಲ್ಲಿ ಶಿಷ್ಯರಿಗೆ ಅಪರಿಚಿತನಾಗಿ ಜೊತೆಗೂಡಿದ ಪ್ರಭುವಿನೊಡನೆ ಹೋಲಿಸುತ್ತಾನೆ. ಪುನರುತ್ಥಾನದ ಹಬ್ಬವನ್ನು ಆಚರಿಸುತ್ತಿರುವವರು ಪುನರುತ್ಥಾನ ಹೊಂದಿದವನನ್ನೇ ಬಾಗಿಲಾಚೆ ನಿಲ್ಲಿಸಿರಬಹುದೆಂಬ ಎಚ್ಚರಿಕೆ ಆ ಹೋಲಿಕೆಯಲ್ಲಿ ಅಡಗಿದೆ.

ಇನ್ನು ಮೂರನೆಯ ಬರಹಕ್ಕೆ ಬರೋಣ. ಸಂತ ಬೊನವೆಂಚರರು ಸಂಸ್ಥೆಯ ಮಹಾಧಿಕಾರಿಯಾಗಿದ್ದಾಗ ಬರೆದ ‘ಮಹಾ ಚರಿತ್ರೆ’ಯು 1263ರ ಹೊತ್ತಿಗೆ ಸಿದ್ಧವಾಯಿತು. 1266ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಸಂಸ್ಥೆಯ ಮಹಾಸಭೆಯು ಹಿಂದಿನ ಚರಿತ್ರೆಗಳನ್ನು ನಾಶಪಡಿಸಬೇಕೆಂದು ಆಜ್ಞಾಪಿಸಿತು. ಹೀಗೆ ಶತಮಾನಗಳ ಕಾಲ ಸಹೋದರರ ಕೈಗೆ ಮುಖ್ಯವಾಗಿ ದೊರೆತುದು ಈ ಒಂದೇ ಗ್ರಂಥ. ಅದರಲ್ಲಿ ಗ್ರೆಚ್ಚೊದ ಗೋದಲಿಯು ಊರಿನ ಹೆಸರಿನೊಡನೆ ಉಳಿದಿದೆ. ಅದಕ್ಕೆ ಜಗದ್ಗುರುಗಳ ಅನುಮತಿಯನ್ನು ಪಡೆದ ವಿವರವೂ ಸೇರಿದೆ. ಆದರೆ ಮೇಜಿನ ಪ್ರಸಂಗ? ಅಲ್ಲಿ ಗ್ರೆಚ್ಚೊದ ಹೆಸರಿಲ್ಲ, ಯಾವುದೋ ಒಂದು ಆಶ್ರಮವೆಂದಷ್ಟೇ ಇದೆ. ಬಿಳಿಯ ಬಟ್ಟೆಯಿಲ್ಲ, ಗಾಜಿನ ಪಾತ್ರೆಯಿಲ್ಲ, ಟೋಪಿಯೂ ಇಲ್ಲ. ಆಶ್ರಮವು ಜನವಸತಿಯಿಂದ ದೂರವಿದ್ದು ಭಿಕ್ಷೆಗೆ ಹೋಗಲು ಅನುಕೂಲವಿಲ್ಲದ್ದರಿಂದ, ಫ್ರಾನ್ಸಿಸರು ಪಾಸ್ಖದ ದಿನ ಎಮ್ಮಾವುವಿನ ಯಾತ್ರಿಕನನ್ನು ನೆನೆದು ತಮ್ಮ ಸಹೋದರರಲ್ಲಿಯೇ ಭಿಕ್ಷೆ ಬೇಡಿದರಂತೆ. ಬಳಿಕ, ಲೋಕವೆಂಬ ಮರುಭೂಮಿಯನ್ನು ಯಾತ್ರಿಕರಂತೆ ದಾಟಬೇಕೆಂದು ಅವರಿಗೆ ಬೋಧಿಸಿದರು.

ಬೊನವೆಂಚರರಿಗೆ ನಾವು ಅನ್ಯಾಯ ಮಾಡಲಾಗದು. ಒಳಜಗಳಗಳಿಂದ ನಲುಗಿದ್ದ ಸಂಸ್ಥೆಗೆ ಅವರು ಒಂದು ಸಾಮಾನ್ಯ ಗ್ರಂಥವನ್ನು ಕೊಡಬೇಕಾಗಿತ್ತು. ಪಾಸ್ಖವೆಂದರೆ ಈ ಲೋಕದಿಂದ ತಂದೆಯೆಡೆಗೆ ದಾಟುವುದು ಎಂಬ ಅವರ ಬೋಧನೆಯು ಪ್ರಸಂಗಕ್ಕೆ ಆಳವನ್ನೇ ತಂದಿದೆ. ಆದರೂ ಇಲ್ಲೊಂದು ನಷ್ಟವಾಗಿದೆ. ಮೂಲದಲ್ಲಿ ತಪ್ಪಿತ್ತು, ತಪ್ಪಿತಸ್ಥರಿದ್ದರು, ನಾಚಿಕೆಯಿತ್ತು. ಮಹಾ ಚರಿತ್ರೆಯಲ್ಲಿ ಉಳಿದುದು ಆದರ್ಶವೊಂದೇ. ಸಹೋದರರು ತಿದ್ದಿಕೊಳ್ಳಬೇಕಾದವರಾಗಿ ಉಳಿಯದೆ, ಸುಂದರವಾದ ದೃಶ್ಯವೊಂದರ ಪ್ರೇಕ್ಷಕರಾದರು. ಗೋದಲಿ ಉಳಿಯಿತು, ಮೇಜು ಮರೆಯಾಯಿತು.

ಈ ಮರೆವು ಹದಿಮೂರನೆಯ ಶತಮಾನದ್ದು ಮಾತ್ರವಲ್ಲ. ಬೆಂಗಳೂರು ಮಂಗಳೂರುಗಳ ತರಬೇತಿ ಮಠಗಳಲ್ಲಿ ಹಬ್ಬದ ವಾರ ಹೇಗೆ ಸಾಗುತ್ತದೆಂಬುದನ್ನು ಓದುಗರು ಬಲ್ಲರು. ಅಕ್ಟೋಬರ್ 3ರ ಸಂಜೆ ಸಂತರ ಮರಣದ ಸ್ಮರಣೆ ನಡೆಯುತ್ತದೆ. ದೀಪಗಳನ್ನು ಆರಿಸಿ, ಯೊವಾನ್ನನ ಶುಭಸಂದೇಶದಿಂದ ಓದಿ, ಸಂತರು ಸಾಯುವ ಮುನ್ನ ಮಾಡಿದಂತೆ ರೊಟ್ಟಿಯನ್ನು ಮುರಿದು ಹಂಚಿಕೊಳ್ಳುತ್ತೇವೆ. ಗಾಯನಕ್ಕೆ ತಿಂಗಳಿನ ಅಭ್ಯಾಸವಾಗಿರುತ್ತದೆ. ಮರುದಿನ ಆಹ್ವಾನಿತರು ಬರುತ್ತಾರೆ, ಮೇಜುಗಳಿಗೆ ಬಿಳಿಯ ಬಟ್ಟೆ ಬೀಳುತ್ತದೆ. ಒಂದು ಮಠದಲ್ಲಿ ನಾವು ಕಂಡದ್ದನ್ನು ಇಲ್ಲಿ ಹೇಳಬಹುದು. ಹಿಂದಿನ ಸಂಜೆ ಹರಿದ ಬಟ್ಟೆಯುಟ್ಟು ಭಿಕ್ಷುಕನ ಪಾತ್ರವನ್ನು ಕಣ್ಣೀರು ಬರುವಂತೆ ಅಭಿನಯಿಸಿದ ಸಹೋದರನು ಮರುದಿನ ಅತಿಥಿಗಳಿಗೆ ಬಡಿಸುವುದರಲ್ಲಿ ಮಗ್ನನಾಗಿದ್ದನು. ಅದೇ ಹೊತ್ತಿಗೆ, ವರ್ಷವಿಡೀ ಆ ಮಠದ ಅಡಿಗೆ ಮಾಡುವ ತಾಯಂದಿರು ಹಿತ್ತಿಲ ಕಟ್ಟೆಯ ಮೇಲೆ, ಎಲ್ಲರದೂ ಮುಗಿದ ಬಳಿಕ, ಉಣ್ಣುತ್ತಿದ್ದರು. ಯಾರೂ ಅವರನ್ನು ಅವಮಾನಿಸಬೇಕೆಂದು ಬಯಸಿರಲಿಲ್ಲ. ಗ್ರೆಚ್ಚೊದ ಸಹೋದರರೂ ಹಾಗೆ ಬಯಸಿರಲಿಲ್ಲ.

ಇಲ್ಲಿಯೇ ಮೂಲ ಕಥೆಯ ಒಂದು ಮೌನವು ನಮ್ಮನ್ನು ಕಾಡುತ್ತದೆ. ಆ ಟೋಪಿಯ ಒಡೆಯನು ಏನಾದನು? ನಿಜವಾದ ಬಡವನೊಬ್ಬನು ಆ ಹಬ್ಬದಂದು ಗ್ರೆಚ್ಚೊದಲ್ಲಿದ್ದನು. ಅವನ ಟೋಪಿಯೂ ಕೋಲೂ ಒಂದು ಪಾಠಕ್ಕೆ ನೆರವಾದವು. ಅವನು ಉಂಡನೇ, ಎಲ್ಲಿ ಕುಳಿತು ಉಂಡನು ಎಂಬುದನ್ನು ಚೆಲಾನೊದವನೂ ಹೇಳುವುದಿಲ್ಲ, ಸಂಕಲನವೂ ಹೇಳುವುದಿಲ್ಲ. ಬೊನವೆಂಚರರಲ್ಲಿ ಟೋಪಿಯೊಡನೆ ಅವನೂ ಅಳಿಸಿಹೋಗಿದ್ದಾನೆ. ಬಡತನವನ್ನು ಸಂಕೇತವಾಗಿಸುವಾಗ ಬಡವನನ್ನು ಮರೆಯುವುದು ಎಷ್ಟು ಸುಲಭವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ನಮ್ಮ ರಂಗದ ಮೇಲಿನ ಹರಿದ ಬಟ್ಟೆಗೂ ಇದೇ ಅಪಾಯವಿದೆ.

ಇದರಿಂದ ಹಬ್ಬವನ್ನೇ ಬಿಡಬೇಕೆಂಬ ತೀರ್ಮಾನಕ್ಕೆ ಬರುವುದು ಫ್ರಾನ್ಸಿಸರನ್ನು ತಪ್ಪಾಗಿ ಓದಿದಂತೆ. ಕ್ರಿಸ್ತಜಯಂತಿಯು ಶುಕ್ರವಾರ ಬಂದಾಗ ಮಾಂಸಾಹಾರದ ವಿಷಯವೆತ್ತಿದ ಸಹೋದರ ಮೋರಿಕೊನಿಗೆ, ಅಂಥ ದಿನ ಗೋಡೆಗಳಿಗೂ ಮಾಂಸದ ಸವಿ ದೊರೆಯಬೇಕೆಂಬ ಅರ್ಥದಲ್ಲಿ ಉತ್ತರಿಸಿದವರು ಅವರೇ. ಅಂದು ಸಿರಿವಂತರು ಬಡವರಿಗೆ ಹೊಟ್ಟೆತುಂಬ ಉಣಿಸಬೇಕು, ಎತ್ತು ಕತ್ತೆಗಳಿಗೆ ಹೆಚ್ಚು ಮೇವು ಸಿಗಬೇಕು, ಹಕ್ಕಿಗಳಿಗಾಗಿ ದಾರಿಗಳಲ್ಲಿ ಕಾಳು ಚೆಲ್ಲಬೇಕು ಎಂಬುದು ಅವರ ಬಯಕೆಯಾಗಿತ್ತು. ಅವರಿಗೆ ಹಬ್ಬದ ಊಟ ಹೆಚ್ಚಾದುದು ಸಮಸ್ಯೆಯಲ್ಲ. ಅದು ಮೇಜಿನಾಚೆಗೆ ಹರಿಯದೆ ನಿಂತುದು ಸಮಸ್ಯೆ. ಗೋದಲಿಯ ಇರುಳಿನಲ್ಲಿ ಊರಿನ ಗಂಡಸರೂ ಹೆಂಗಸರೂ ಪಂಜು ಹಿಡಿದು ಬಂದಿದ್ದರು, ಪ್ರಾಣಿಗಳಿದ್ದವು, ಕಾಡೇ ಮಾರ್ದನಿಗೊಟ್ಟಿತ್ತು. ಮೇಜಿನ ದಿನ ಬಾಗಿಲು ಮುಚ್ಚಿತ್ತು. ಒಂದೇ ಊರು ಎರಡು ಬಗೆಯ ಹಬ್ಬಗಳನ್ನು ಕಂಡಿತು.

ಅಧ್ಯಯನಕ್ಕೆ ಬಂದ ಸಹೋದರರಿಗೆ ಇದು ಹೊರಗಿನ ಮಾತಲ್ಲ. 1224ರಲ್ಲಿ ಇಂಗ್ಲೆಂಡಿಗೆ ಹೋದ ಮೊದಲ ಒಂಬತ್ತು ಮಂದಿಯ ವೃತ್ತಾಂತವನ್ನು ಎಕ್ಲ್‌ಸ್ಟನ್ನಿನ ಥಾಮಸನು ಬರೆದಿಟ್ಟಿದ್ದಾನೆ. ಅವರ ನಾಯಕ ಆಗ್ನೆಲ್ಲಸನು ಮುಂದೆ ಆಕ್ಸ್‌ಫರ್ಡಿನಲ್ಲಿ ಸಹೋದರರಿಗಾಗಿ ಶಾಲೆಯನ್ನು ಕಟ್ಟಿಸಿ, ರಾಬರ್ಟ್ ಗ್ರಾಸ್‌ಟೆಸ್ಟ್‌ನಂಥ ಪಂಡಿತನನ್ನು ಬೋಧನೆಗೆ ಒಪ್ಪಿಸಿದನು. ಆದರೆ ಮೊದಲ ದಿನಗಳಲ್ಲಿ, ಕ್ಯಾಂಟರ್ಬರಿಯಲ್ಲಿ, ಅವರಿಗಿದ್ದುದು ಶಾಲೆಯೊಂದರ ಕೆಳಗಿನ ಚಿಕ್ಕ ಕೋಣೆ. ಸಂಜೆ ಹುಡುಗರು ಮನೆಗೆ ಹೋದ ಮೇಲೆ ಶಾಲೆಯೊಳಗೆ ಬಂದು ಬೆಂಕಿ ಹೊತ್ತಿಸಿ, ಬಿಯರಿನ ಗಸಿಯಿದ್ದ ಗಡಿಗೆಯನ್ನು ಕಾಯಿಸಿ, ಒಂದೇ ಬಟ್ಟಲಿನಿಂದ ಸರದಿಯಂತೆ ಕುಡಿಯುತ್ತಿದ್ದರು. ಕುಡಿದವನು ಒಂದು ಒಳ್ಳೆಯ ಮಾತನ್ನಾಡುತ್ತಿದ್ದನು. ಗಸಿ ತೀರ ಗಟ್ಟಿಯಾದರೆ ನೀರು ಬೆರೆಸುತ್ತಿದ್ದರು. ಬಟ್ಟಲು ಸರದಿಯಲ್ಲಿ ಸುತ್ತುವಾಗ ಯಾರು ಬಂದಿಲ್ಲವೆಂಬುದು ತಾನಾಗಿ ತಿಳಿಯುತ್ತದೆ. ಗ್ರೆಚ್ಚೊದಲ್ಲಿ ಖಾಲಿ ಉಳಿದ ಸ್ಥಾನವನ್ನು ರೂಢಿಯೇ ಮುಚ್ಚಿಹಾಕಿತು. ಪರೀಕ್ಷೆಯಲ್ಲಿ ಸೋತ, ಮನೆಯ ಚಿಂತೆಯಲ್ಲಿ ಮುಳುಗಿದ, ಕರೆಯನ್ನೇ ಸಂದೇಹಿಸತೊಡಗಿದ ಸಹೋದರನು ಹಬ್ಬದ ದಿನ ತಲೆನೋವೆಂದು ಕೋಣೆಯಲ್ಲಿಯೇ ಉಳಿದರೆ, ನಮ್ಮ ಮಠಗಳಲ್ಲಿ ಅದು ಯಾರ ಗಮನಕ್ಕೆ ಬರುತ್ತದೆ? ಕಾರ್ಯಕ್ರಮದ ಪಟ್ಟಿಯಲ್ಲಿ ಅವನ ಹೆಸರಿದ್ದರೆ ಮಾತ್ರ ಬರುತ್ತದೆ.

ಕರಾವಳಿಯಿಂದ ಬಂದ ವಿದ್ಯಾರ್ಥಿ ಸಹೋದರರಿಗೆ ಇನ್ನೊಂದು ಲೆಕ್ಕ ಗೊತ್ತಿದೆ. ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನ್ಮದಿನದಲ್ಲಿ, ಚರ್ಚಿನಿಂದ ತಂದ ಹೊಸ ತೆನೆಯ ಕಾಳನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಮನೆಯವರೆಲ್ಲರೂ ಸ್ವೀಕರಿಸುತ್ತಾರೆ. ಆಗ ಮನೆಯ ಹಿರಿಯರು ಎಣಿಸುವುದು ಎದುರಿಗೆ ಕುಳಿತವರನ್ನು ಮಾತ್ರವಲ್ಲ. ಮುಂಬಯಿಯಲ್ಲೋ ಕೊಲ್ಲಿ ದೇಶದಲ್ಲೋ ಇರುವ ಮಗನ ಪಾಲಿನ ಕಾಳನ್ನು ಕಟ್ಟಿ ಅಂಚೆಯಲ್ಲಿ ಕಳುಹಿಸುವ ಪದ್ಧತಿ ಎಷ್ಟೋ ಮನೆಗಳಲ್ಲಿತ್ತು. ಬಾರದವನನ್ನು ಮೊದಲು ಎಣಿಸುವ ಈ ವಿವೇಕವು ಹಳ್ಳಿಯ ತಾಯಂದಿರಲ್ಲಿದೆ. ಅದನ್ನು ಕಲಿಯಲು ಮಠಕ್ಕೆ ಹೊಸ ಗ್ರಂಥ ಬೇಕಿಲ್ಲ. ಮನೆಯಿಂದ ತಂದದ್ದನ್ನು ಮಠದ ಬಾಗಿಲಲ್ಲಿ ಕಳಚಿಡದಿದ್ದರೆ ಸಾಕು.

ಆದುದರಿಂದ ನಮ್ಮ ಸಲಹೆ ಸಣ್ಣದು. ಹಬ್ಬದ ಸಿದ್ಧತೆಗಾಗಿ ಸೇರುವ ಮೊದಲ ಸಭೆಯಲ್ಲಿ, ಗಾಯನ ಅಲಂಕಾರಗಳ ಮಾತಿಗೆ ಮುನ್ನ, ಎರಡನೆಯ ಚರಿತ್ರೆಯ ಈ ಪ್ರಸಂಗವನ್ನು ಓದಬೇಕು. ಓದಿದ ಬಳಿಕ ಎರಡು ಹೆಸರುಗಳ ಪಟ್ಟಿಯನ್ನು ಬರೆಯಬೇಕು: ಆ ದಿನ ನಮ್ಮ ಮೇಜಿಗೆ ಬಾರದೆ ಉಳಿಯಬಹುದಾದ ಸಹೋದರರು ಯಾರು, ನಮ್ಮ ಹಬ್ಬಕ್ಕಾಗಿ ದುಡಿದೂ ಮೇಜಿನಲ್ಲಿ ಸ್ಥಾನವಿಲ್ಲದವರು ಯಾರು. ಅವರಿಗೆ ಆಸನಗಳನ್ನು ಗೊತ್ತುಪಡಿಸಿದ ಮೇಲೆ ಅತಿಥಿಗಳ ಆಸನಗಳನ್ನು ಗೊತ್ತುಮಾಡಬಹುದು. ಗೋದಲಿಯನ್ನು ಎಂದಿನಂತೆ ಕಟ್ಟೋಣ. ಆದರೆ ಟೋಪಿಯನ್ನು ಕೊಟ್ಟವನು ಈ ಸಲ ನಮ್ಮೊಡನೆ ಕುಳಿತು ಉಣ್ಣಲಿ.