ಕಾರ್ಮಿಕನೆಂಬ ಹೆಸರು

ತಿಲಕ್ ನಗರದ ಚಹದ ಅಂಗಡಿಯೊಂದರಲ್ಲಿ ಸಂಜೆ ಸ್ವಲ್ಪ ಹೊತ್ತು ಕುಳಿತು ಬರುವುದು ನನ್ನ ಬಹುಕಾಲದ ಅಭ್ಯಾಸ. ಜಯನಗರದ ಮನೆಗಳಲ್ಲಿ ಪಾತ್ರೆ ತೊಳೆದು ಬರುವ ಹೆಂಗಸರು, ಹೊಸೂರು ರಸ್ತೆಯ ಗಾರ್ಮೆಂಟ್ಸಿನಿಂದ ಹಿಂದಿರುಗುವವರು, ಆಟೋದವರು, ಗ್ಯಾರೇಜಿನ ಹುಡುಗರು ಎಲ್ಲರೂ ಆ ಹೊತ್ತಿಗೆ ಅದೇ ಬೀದಿಯಲ್ಲಿ ಹಾದುಹೋಗುತ್ತಾರೆ. ಮೊನ್ನೆ, ಊಟದ ಪೊಟ್ಟಣಗಳನ್ನು ಮನೆಮನೆಗೆ ಮುಟ್ಟಿಸುವ ಸಿಂಧನೂರು ಕಡೆಯ ತರುಣನೊಬ್ಬ ಪಕ್ಕದಲ್ಲಿ ಬಂದು ಕುಳಿತ.

“ಸಂಬಳ ಎಷ್ಟು ಬರುತ್ತದಪ್ಪ?” ಎಂದು ಕೇಳಿದೆ.

“ಸಂಬಳ ಎಲ್ಲೈತ್ರಿ ಸರ? ನಾವು ನೌಕರರಲ್ಲಂತ, ಪಾರ್ಟ್‌ನರ್ ಅಂತ್ರಿ.”

“ಪಾಲುದಾರನಾದರೆ ಪಾಲು ಬರಬೇಕಲ್ಲ?”

“ಗಾಡಿ ನಮ್ದು, ಪೆಟ್ರೋಲ್ ನಮ್ದು, ಬಿದ್ರ ಮುರಿಯೋ ಕಾಲೂ ನಮ್ದ. ಅಷ್ಟ ಪಾಲ್ರಿ” ಎಂದು ನಕ್ಕು, ಫೋನು ಗುಂಯ್‌ಗುಟ್ಟಿದ್ದೇ ಅರ್ಧ ಚಹ ಬಿಟ್ಟು ಎದ್ದು ಹೋದ.

ಭಾಷೆಯನ್ನು ಬೋಧಿಸಿ ಹೊಟ್ಟೆ ಹೊರೆಯುವವನು ನಾನು. ಶಬ್ದವೊಂದು ವಸ್ತುವನ್ನು ತೋರಿಸುವ ಬದಲು ಮರೆಮಾಡಲು ಬಳಕೆಯಾಗುತ್ತಿದ್ದರೆ ಅದನ್ನು ಗುರುತಿಸುವುದು ನನ್ನ ಕಸುಬಿಗೆ ಸೇರಿದ ಕೆಲಸ. ಕಾರ್ಮಿಕ ಸಂಘಗಳು ಬಲಗುಂದಿರುವುದಕ್ಕೆ ಬಲ್ಲವರು ಹಲವು ಕಾರಣಗಳನ್ನು ಹೇಳುತ್ತಾರೆ: ಕಾನೂನು, ಗುತ್ತಿಗೆ ಪದ್ಧತಿ, ಹೊಸ ಯಂತ್ರಗಳು. ಎಲ್ಲವೂ ನಿಜವೇ. ಆದರೆ ಇವುಗಳ ಜೊತೆಗೆ ಇನ್ನೊಂದು ಕಾರಣವಿದೆ. ದುಡಿಯುವವನ ಕೈಯಿಂದ ‘ಕಾರ್ಮಿಕ’ನೆಂಬ ಹೆಸರೇ ಜಾರಿಹೋಗುತ್ತಿದೆ. ತಾನು ಯಾರೆಂದು ಹೇಳಿಕೊಳ್ಳಲಾರದವನು ತನ್ನಂಥವರೊಡನೆ ಸೇರಿ ಸಂಘ ಕಟ್ಟುವುದಾದರೂ ಹೇಗೆ? ಈ ನಷ್ಟವನ್ನು ನಮ್ಮ ಕಥೆ ಕಾದಂಬರಿಗಳೂ ಸಾಕಷ್ಟು ಗಮನಿಸಿಲ್ಲವೆಂಬುದು ನನ್ನ ಆಕ್ಷೇಪಣೆ.

ಕನ್ನಡ ಸಾಹಿತ್ಯಕ್ಕೆ ಈ ಕಣ್ಣು ಎಂದೂ ಇರಲಿಲ್ಲವೆಂದಲ್ಲ. ನಿರಂಜನರ ‘ಚಿರಸ್ಮರಣೆ’ (1955) ಇದಕ್ಕೆ ಸಾಕ್ಷಿ. ಕಾಸರಗೋಡು ಸೀಮೆಯ ಕಯ್ಯೂರಿನಲ್ಲಿ 1941ರಲ್ಲಿ ನಡೆದ ರೈತರ ಹೋರಾಟ ಮತ್ತು 1943ರ ಮಾರ್ಚ್ 29ರಂದು ಕಣ್ಣಾನೂರು ಸೆರೆಮನೆಯಲ್ಲಿ ನಾಲ್ವರು ಗಲ್ಲಿಗೇರಿದ ಪ್ರಸಂಗ ಅದರ ವಸ್ತು. ಆ ಗಲ್ಲಿನ ಕಂಬದಿಂದಲೇ ಕಾದಂಬರಿ ಜನರ ನೆನಪಿನಲ್ಲಿ ಉಳಿಯಿತೆಂದು ಅನೇಕರು ಭಾವಿಸುತ್ತಾರೆ. ನನ್ನ ಮಟ್ಟಿಗೆ ಅದರ ಜೀವಾಳವಿರುವುದು ಬೇರೆಡೆಯಲ್ಲಿ. ಹಳ್ಳಿಯ ಮಾಸ್ತರರ ಸಹವಾಸದಲ್ಲಿ ಇಬ್ಬರು ರೈತರ ಮಕ್ಕಳು ತಮ್ಮ ಬಾಳನ್ನು ತಾವೇ ಓದಿಕೊಳ್ಳಲು ಕಲಿಯುತ್ತಾರಲ್ಲ, ಆ ನಿಧಾನವಾದ ಕ್ರಮದಲ್ಲಿ. ಹಿಂದಿನಿಂದ ನಡೆದುಬಂದ ಪದ್ಧತಿಯೆಂದು ಒಪ್ಪಿಕೊಂಡಿದ್ದಕ್ಕೆ ಅನ್ಯಾಯವೆಂಬ ಹೆಸರು ಸಿಕ್ಕ ಮೇಲೆಯೇ ಸಂಘ ಹುಟ್ಟುತ್ತದೆ. ಪ್ರಗತಿಶೀಲರ ಬರಹದಲ್ಲಿ ಘೋಷಣೆ ಹೆಚ್ಚು, ಪಾತ್ರಗಳಿಗೆ ಕಪ್ಪು ಬಿಳುಪಿನ ಹೊರತು ಬಣ್ಣವಿಲ್ಲ ಎಂಬ ದೂರು ಹಳೆಯದು. ಈ ಕೃತಿಯೂ ಅದರಿಂದ ಪೂರ್ತಿ ಪಾರಾಗಿಲ್ಲ. ಆದರೆ ಸಂಘವೆಂಬುದು ಮೊದಲು ಮನಸ್ಸಿನಲ್ಲಿ ಕಟ್ಟಿಕೊಳ್ಳಬೇಕಾದ ವಸ್ತುವೆಂದು ಇಷ್ಟು ತಾಳ್ಮೆಯಿಂದ ತೋರಿಸಿದ ಕಾದಂಬರಿ ನಮ್ಮಲ್ಲಿ ವಿರಳ.

ಅನಂತರ ಬಂದ ನವ್ಯರು ಒಳಮನಸ್ಸಿನ ಕಡೆಗೆ ತಿರುಗಿದರು. 1979ರಲ್ಲಿ ಆರಂಭವಾದ ಬಂಡಾಯ ಸಾಹಿತ್ಯ ಸಂಘಟನೆ ದುಡಿಯುವವರನ್ನು ಮತ್ತೆ ನಡುಮನೆಗೆ ಕರೆತಂದಿತು. ಅದರ ಬೆನ್ನಿಗೇ, 1980ರ ಡಿಸೆಂಬರಿನಲ್ಲಿ, ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ನೌಕರರು 77 ದಿನಗಳ ಮುಷ್ಕರ ಹೂಡಿದರು. ಐಟಿಐ, ಎಚ್‌ಎಂಟಿ, ಎಚ್‌ಎಎಲ್, ಬಿಇಎಲ್ ಕಾರ್ಖಾನೆಗಳ ಗೇಟುಗಳು ಆಗ ನಗರದ ಚಾವಡಿಗಳಂತಿದ್ದವು. ಅಷ್ಟು ದೊಡ್ಡ ಘಟನೆಗೆ ತಕ್ಕ ನೆರಳು ನಮ್ಮ ಕಥನದಲ್ಲಿ ಬೀಳಲಿಲ್ಲವೆಂದೇ ನನಗನ್ನಿಸುತ್ತದೆ. ಇಂದು ಗೇಟೇ ಇಲ್ಲದ ಕೆಲಸಗಳು ಬಂದಿವೆ. ನಮ್ಮ ತರುಣನ ಕಾರ್ಖಾನೆ ಅವನ ಜೇಬಿನಲ್ಲಿದೆ, ಒಡೆಯನ ಮುಖವನ್ನು ಅವನು ಕಂಡಿಲ್ಲ.

ಹೆಸರಿಗೇಕೆ ಇಷ್ಟು ಮಹತ್ವವೆಂದು ಓದುಗರು ಕೇಳಬಹುದು. ಅಂಗನವಾಡಿ ಕಾರ್ಯಕರ್ತೆಯರ ಸಂಗತಿಯನ್ನು ನೋಡಿ. ಅವರಿಗೆ ಸಿಗುವುದು ಸಂಬಳವಲ್ಲ, ‘ಗೌರವಧನ’ವೆಂದು ಸರಕಾರಗಳು ಹೇಳುತ್ತ ಬಂದವು. ಸಂಬಳವಿಲ್ಲದಿದ್ದರೆ ಗ್ರಾಚ್ಯುಟಿಯೂ ಇಲ್ಲ. 2022ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಆ ಪರದೆಯನ್ನು ಸರಿಸಿ, ಗೌರವಧನವೂ ವೇತನವೇ, ಅವರು ಗ್ರಾಚ್ಯುಟಿಗೆ ಅರ್ಹರು ಎಂದು ತೀರ್ಪಿತ್ತಿತು. ಒಂದು ಶಬ್ದದ ವ್ಯಾಖ್ಯಾನದಿಂದ ಮುಪ್ಪಿನ ಅನ್ನ ನಿರ್ಧಾರವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಹೆಸರೊಂದೇ ಸಾಲದು ಎಂಬುದನ್ನೂ ಒಪ್ಪಬೇಕು. ನಮ್ಮ ಬೀದಿ ಗುಡಿಸುವವರಿಗೆ ‘ಪೌರಕಾರ್ಮಿಕ’ರೆಂಬ ಗೌರವದ ಹೆಸರು ಎಂದೋ ಬಂತು, ಗುತ್ತಿಗೆಯ ಕುಣಿಕೆ ಮಾತ್ರ ಬಿಡಲಿಲ್ಲ. ಸಂಘ ಕಟ್ಟಿ, 2022ರ ಜುಲೈಯಲ್ಲಿ ಪೊರಕೆ ಕೆಳಗಿಟ್ಟು ಕುಳಿತ ಮೇಲೆ ಮಾತು ಮುಂದೆ ಸಾಗಿತು. 2025ರ ಮೇ 1ರಂದು ಬೆಂಗಳೂರಿನ 12,692 ಮಂದಿಗೆ ಖಾಯಂ ನೇಮಕದ ಪತ್ರ ದೊರೆಯಿತು. ಹೆಸರು ಬಾಗಿಲು ತೋರಿಸಿತು, ತಟ್ಟಿದ್ದು ಸಂಘ.

ಸಂಘವಿಲ್ಲದ ಸಿಟ್ಟಿನ ಕಥೆಯೂ ನಮ್ಮ ಕಣ್ಣೆದುರಿಗಿದೆ. 2016ರ ಏಪ್ರಿಲ್ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಗೆ ಇಳಿದರು. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲವೆಂಬ ನಿಯಮ ಅವರನ್ನು ಕೆರಳಿಸಿತ್ತು. ದೊಡ್ಡ ಸಂಘ ಯಾವುದೂ ಕರೆ ಕೊಟ್ಟಿರಲಿಲ್ಲ. ಎರಡನೆಯ ದಿನವೇ ಕೇಂದ್ರ ಸರಕಾರ ನಿಯಮವನ್ನು ಹಿಂದಕ್ಕೆ ಪಡೆಯಿತು. ಅಪೂರ್ವವಾದ ಗೆಲುವು, ಆದರೆ ಅದಕ್ಕೆ ಎರಡನೆಯ ಅಧ್ಯಾಯ ಬರಲಿಲ್ಲ. ಮಾರನೆಯ ದಿನ ಸಂಬಳದ ಮಾತು, ಸೂಪರ್‌ವೈಸರನ ಬೈಗುಳದ ಮಾತು ಎತ್ತುವವರು ಯಾರು? ಆ ಕೆಲಸ ಸಂಘದ್ದು.

ಹೊಸ ಕಾನೂನುಗಳನ್ನೂ ಇದೇ ದೃಷ್ಟಿಯಿಂದ ಓದಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಸಂಹಿತೆಗಳು 1926ರ ಕಾರ್ಮಿಕ ಸಂಘಗಳ ಕಾಯಿದೆಯನ್ನು ಬದಿಗೆ ಸರಿಸಿವೆ. ಮುಷ್ಕರಕ್ಕೆ 14 ದಿನ ಮೊದಲು ನೋಟೀಸು ಕೊಡಬೇಕು. ಸಾಮಾಜಿಕ ಭದ್ರತೆಯ ಸಂಹಿತೆ ನಮ್ಮ ತರುಣನಂಥವರನ್ನು ಗುರುತಿಸುತ್ತದೆ, ಆದರೆ ಮಾಲೀಕ ನೌಕರ ಸಂಬಂಧದ ಹೊರಗಿನವರೆಂದೇ ಗುರುತಿಸುತ್ತದೆ. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯಿದೆ ಇನ್ನೊಂದು ಹೆಜ್ಜೆ ಇಟ್ಟಿದೆ: ಅವರಿಗೆ ಪಾವತಿಯಾಗುವ ಮೊತ್ತದ ಮೇಲೆ ಕಂಪನಿಗಳಿಂದ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ, ಕೆಲಸದಿಂದ ತೆಗೆಯುವ ಮೊದಲು 14 ದಿನಗಳ ನೋಟೀಸು. ಒಳ್ಳೆಯದೇ. ಆದರೆ ಕಲ್ಯಾಣ ಬೇರೆ, ಎದುರು ಕುಳಿತು ಮಾತಾಡುವ ಹಕ್ಕು ಬೇರೆ.

ಇಷ್ಟನ್ನು ಬರೆದ ಮೇಲೆ ನನ್ನ ಮಾತನ್ನೂ ಹೇಳದಿದ್ದರೆ ಅಪ್ರಾಮಾಣಿಕತೆಯಾದೀತು. ಹದಿನಾರು ವರ್ಷಗಳಿಂದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತಿದ್ದೇನೆ. ನನ್ನ ಹುದ್ದೆಯ ಹೆಸರು ‘ಅತಿಥಿ ಉಪನ್ಯಾಸಕ’. ಹದಿನಾರು ವರ್ಷ ಜಗಲಿಯಲ್ಲೇ ಕುಳಿತ ಅತಿಥಿಯನ್ನು ಯಾವ ಪುರಾಣವೂ ಕಂಡಿಲ್ಲ. ರಜೆಯ ತಿಂಗಳು ಬಂದರೆ ಈ ಅತಿಥಿಗೆ ಸಂಬಳವಿಲ್ಲ. 2023ರ ಕೊನೆಯಲ್ಲಿ ರಾಜ್ಯದ ಅತಿಥಿ ಉಪನ್ಯಾಸಕರು ಸೇವಾಭದ್ರತೆ ಕೇಳಿ ತರಗತಿ ಬಿಟ್ಟು ಹೊರಬಂದಾಗ ನಾನು ಕೆಲವು ದಿನ ಮನೆಯಲ್ಲೇ ಉಳಿದೆ. ಎಂ.ಎ. ಓದಿದವನು ಬೀದಿಯಲ್ಲಿ ಘೋಷಣೆ ಕೂಗುವುದೇ ಎಂಬ ಸಂಕೋಚ. ಕಯ್ಯೂರಿನ ಮಾಸ್ತರರನ್ನು ತರಗತಿಯಲ್ಲಿ ಹೊಗಳಿದ ನಾಲಗೆಯೇ ಅದು. ಆಮೇಲೆ ಹೋದೆ, ಹಿಂದಿನ ಸಾಲಿನಲ್ಲಿ ನಿಂತೆ.

ಆ ತರುಣನನ್ನು ಪಾಲುದಾರನೆಂದು, ನನ್ನನ್ನು ಅತಿಥಿಯೆಂದು ಕರೆದವರು ಬೇರೆಯವರೇ ಇರಬಹುದು; ಆ ಹೆಸರಿನಲ್ಲಿ ಒಂದಿಷ್ಟು ಹೆಮ್ಮೆಪಟ್ಟು ಅದನ್ನು ಉಳಿಸಿಕೊಂಡವರಲ್ಲಿ ನಾನೂ ಒಬ್ಬ. ಮುಂದಿನ ಸಲ ಆತ ಸಿಕ್ಕರೆ ಸಂಬಳ ಎಷ್ಟೆಂದು ಕೇಳುವ ಮೊದಲು, ನಾನೂ ನಿನ್ನಂತೆಯೇ ಕಾರ್ಮಿಕನಪ್ಪ ಎಂದು ಹೇಳಬೇಕೆಂದಿದ್ದೇನೆ.