ಅಕ್ಷರದ ಆಟ

ಮಕ್ಕಳಿಗೆ ಓದು ಕಲಿಸುವುದರಲ್ಲಿ ಆಟಕ್ಕೂ ಆಟಿಕೆಗೂ ಸ್ಥಾನವುಂಟೆಂಬ ವಿಷಯದಲ್ಲಿ ಈಗ ವಿವಾದವಿಲ್ಲ. 1907ರಲ್ಲಿ ರೋಮ್ ನಗರದಲ್ಲಿ ಮಕ್ಕಳ ಮನೆಯನ್ನು ತೆರೆದ ಮರಿಯಾ ಮಾಂಟೆಸ್ಸೊರಿಯವರು ಕೈಯಿಂದ ಎತ್ತಿ ಜೋಡಿಸಬಹುದಾದ ಅಕ್ಷರಗಳನ್ನು ಬಳಕೆಗೆ ತಂದರು. ಕನ್ನಡ ನಾಡಿನಲ್ಲಿ, ಋಷಿವ್ಯಾಲಿಯ ಗ್ರಾಮಶಾಲೆಗಳ ಮಾದರಿಯಿಂದ ಪ್ರೇರಿತವಾಗಿ, 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ‘ನಲಿ-ಕಲಿ’ ಪದ್ಧತಿಯು ಆರಂಭವಾಗಿ, ಕ್ರಮೇಣ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ವಿಚಾರಿಸತಕ್ಕ ಪ್ರಶ್ನೆ ಬೇರೆಯದು: ಆಟವೆಂಬುದು ಕಹಿ ಮದ್ದಿಗೆ ಸವರಿದ ಬೆಲ್ಲವೋ, ಅಕ್ಷರದ ಸ್ವಭಾವವನ್ನೇ ತಿಳಿಸುವ ಸಾಧನವೋ?

ನಲಿ-ಕಲಿಯ ಮುಖ್ಯವಾದ ಗುಣವು ಅದರ ಬಣ್ಣದ ಕಾರ್ಡುಗಳಲ್ಲಿಲ್ಲ, ಅಕ್ಷರಗಳ ಕ್ರಮದಲ್ಲಿದೆ. ವರ್ಣಮಾಲೆಯು ಉಚ್ಚಾರಣ ಸ್ಥಾನಗಳನ್ನನುಸರಿಸಿದ ಶಾಸ್ತ್ರಶುದ್ಧವಾದ ವಿಂಗಡಣೆಯೆಂಬುದು ನಿಜ. ಆದರೆ ಕೇವಲ ಸ್ವರಗಳನ್ನು ಕಲಿತ ಮಗುವಿಗೆ ಓದಲು ಪದಗಳೇ ದೊರೆಯವು. ನಲಿ-ಕಲಿಯಲ್ಲಿ ಮೊದಲು ಬರುವ ರ, ಗ, ಸ, ದ, ಅ ಎಂಬ ಐದರಿಂದಲೇ ಸರ, ಅರಸ, ಅಗಸ, ದಸರ, ಗರಗಸ ಎಂಬ ಪದಗಳು ಹುಟ್ಟುತ್ತವೆ. ಐದು ಕಾಯಿಗಳಿಂದ ಇಷ್ಟು ಪದಗಳನ್ನು ಕಟ್ಟಬಹುದೆಂದು ಕಂಡುಕೊಂಡ ಮಗುವಿಗೆ ಬೇರೆ ಆಮಿಷವು ಬೇಕಿಲ್ಲ. ಇದೇ ನಿಜವಾದ ಆಟ.

ಆದರೆ ಕನ್ನಡದ ಓದಿನ ಕಷ್ಟವು 49 ಅಕ್ಷರಗಳಲ್ಲಿ ಮುಗಿಯುವುದಿಲ್ಲ. ಗುಣಿತದಲ್ಲಿಯೂ ಒತ್ತಕ್ಷರದಲ್ಲಿಯೂ ಅದು ಬಲಿಯುತ್ತದೆ. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಹೆಸರನ್ನೇ ಪರೀಕ್ಷಿಸಬಹುದು. ಆ ಊರಿನ ಮಗು ತನ್ನ ಊರ ಹೆಸರನ್ನು ಓದಬೇಕಾದರೆ ಮ, ನ, ಹ ಎಂಬ ಸರಳಾಕ್ಷರಗಳ ಪರಿಚಯವು ಸಾಲದು. ‘ಸೋ’ ಎಂಬಲ್ಲಿ ಸಕಾರದ ತಲೆಕಟ್ಟು ಅಳಿದು ಎತ್ವವೂ ಕೊಂಬೂ ದೀರ್ಘವೂ ಕೂಡುತ್ತವೆ. ಆದರೂ ಕಿವಿಗೆ ಕೇಳುವ ಸ್ವರವು ಒಂದೇ. ‘ಳ್ಳಿ’ ಎಂಬುದು ಇನ್ನೂ ವಿಚಿತ್ರವಾದುದು. ಇಕಾರವು ಕೊನೆಯಲ್ಲಿ ಕೇಳಿಸಿದರೂ ಅದರ ಗುರುತು ಮೇಲಿನ ಳಕಾರದ ತಲೆಯ ಮೇಲೆ ಕುಳಿತು, ಎರಡನೆಯ ಳಕಾರವು ಕೆಳಗಿಳಿಯುತ್ತದೆ. ನುಡಿಯುವ ಕ್ರಮವೊಂದು, ಬರೆಯುವ ಕ್ರಮವೊಂದು.

ಚಿತ್ರಕ್ಕೆ ಅಕ್ಷರವನ್ನು ಹೊಂದಿಸುವ ಆಟಗಳು ಇಲ್ಲಿ ಸೋಲುತ್ತವೆ. ಅಖಂಡವಾಗಿ ಅಚ್ಚಾದ ‘ಳ್ಳಿ’ಯನ್ನು ಮಗು ಗುರುತಿಸಬಹುದು, ಅದು ಕೂಡಿದ ಬಗೆಯನ್ನರಿಯದು. ಹೀಗೆ ಕಲಿತ ಮಗು ‘ಹಳ್ಳಿ’ಯನ್ನು ಓದಿ, ‘ಬಳ್ಳಿ’ಯನ್ನೂ ಓದಿ, ‘ಮುಳ್ಳು’ ಎಂಬಲ್ಲಿ ತಡವರಿಸುವುದು ಸಹಜ. ಒತ್ತಕ್ಷರದ ಬಳಿ ನಿಂತ ಮಗುವಿಗೆ ಮುಂದಿನ ತರಗತಿಗಳ ಪುಸ್ತಕಗಳೆಲ್ಲವೂ ಮುಚ್ಚಿದ ಬಾಗಿಲುಗಳೇ.

ಹೀಗೆ ಬಿಡಿಸಿ ತೋರಿಸಿದರೆ ಆಟದ ಸಂತೋಷವು ಕೆಡುವುದೆಂದು ಆಕ್ಷೇಪಿಸಬಹುದು. ಆದರೆ ಬಿಚ್ಚುವುದೂ ಮತ್ತೆ ಕೂಡಿಸುವುದೂ ಮಕ್ಕಳಿಗೆ ಅತ್ಯಂತ ಪ್ರಿಯವಾದ ಆಟಗಳು. ಸೋಮನಹಳ್ಳಿಗೆ ದೂರವಲ್ಲದ ಚನ್ನಪಟ್ಟಣದಲ್ಲಿ ಆಲೆಮರವನ್ನು ಕಡೆದು ಅರಗಿನ ಬಣ್ಣವನ್ನು ಹಚ್ಚಿ ಬೊಂಬೆಗಳನ್ನು ಮಾಡುವ ಕುಶಲತೆಯುಂಟು. ತಲೆಕಟ್ಟನ್ನು ತೆಗೆದು ಗುಡಿಸನ್ನೋ ಎತ್ವವನ್ನೋ ಸೇರಿಸುವಂತೆ, ಕೆಳಗೆ ಒತ್ತನ್ನು ಸಿಕ್ಕಿಸುವಂತೆ ಮರದ ಅಕ್ಷರಗಳನ್ನು ಮಾಡಿಸಿದರೆ ಲಿಪಿಯ ನಿಯಮವು ಕೈಗೆ ತಿಳಿಯುತ್ತದೆ. ಓದಿಸುವ ಆಟಿಕೆಯನ್ನು ಅದರ ಅಂದದಿಂದ ಅಳೆಯದೆ, ಮಗು ಹಿಂದೆಂದೂ ಕಾಣದ ಪದವನ್ನು ತಾನಾಗಿಯೇ ಓದಬಲ್ಲುದೇ ಎಂಬುದರಿಂದ ಅಳೆಯುವುದು ಯುಕ್ತ.